ಸರಾಸರಿಯೊಂದೇ ಸಾಲದು

ತರೀಕೆರೆಗೆ ಸಮೀಪದ ಅಮೃತಾಪುರಕ್ಕೆ ಪ್ರವಾಸ ಹೋದ ವಿದ್ಯಾರ್ಥಿಗಳು ಅಲ್ಲಿಯ ಅಮೃತೇಶ್ವರ ದೇವಾಲಯದ ಕಂಬಗಳ ನುಣುಪನ್ನು ಮುಟ್ಟಿ ನೋಡಿ ಬೆರಗಾಗುವುದು ಸಹಜ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿ ಇದು. ಇಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಆದರೆ ನಾವು ಇಂದು ವಾಚಕರನ್ನು ಕರೆದೊಯ್ಯುವುದು ಕಂಬಗಳ ಬಳಿಗೂ ಅಲ್ಲ, ಶಾಸನದ ಬಳಿಗೂ ಅಲ್ಲ. ತೆರೆದ ಮಂಟಪದ ಹೊರಗೋಡೆಯ ಬಳಿಗೆ. ಅಲ್ಲಿ ಒಟ್ಟು 140 ಶಿಲ್ಪಫಲಕಗಳಿವೆ. ತೆಂಕಣ ಗೋಡೆಯಲ್ಲಿ ರಾಮಾಯಣಕ್ಕೆ 70. ಬಡಗಣ ಗೋಡೆಯಲ್ಲಿ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45.

ಕಥೆಯೊಂದಕ್ಕೆ ಸರಾಸರಿ ಎಷ್ಟು ಫಲಕ? 140ನ್ನು ಮೂರರಿಂದ ಭಾಗಿಸಿದರೆ 46.67. ಲೆಕ್ಕ ಸರಿಯಾಗಿಯೇ ಇದೆ. ಪರೀಕ್ಷೆಯಲ್ಲಿ ಪೂರ್ಣ ಅಂಕವೂ ದೊರೆತೀತು. ಆದರೆ ಈ ಉತ್ತರವನ್ನಷ್ಟೇ ಕೇಳಿದವನಿಗೆ ಅಮೃತಾಪುರದ ಗೋಡೆಯ ಬಗೆಗೆ ಏನು ತಿಳಿದಂತಾಯಿತು? ಅಷ್ಟು ಫಲಕಗಳುಳ್ಳ ಕಥೆ ಅಲ್ಲಿ ಒಂದೂ ಇಲ್ಲ. ಶಿಲ್ಪಿಗಳು ರಾಮಾಯಣಕ್ಕೆ ಒಂದು ಗೋಡೆಯನ್ನೇ ಬಿಟ್ಟುಕೊಟ್ಟು, ಉಳಿದೆರಡನ್ನು ಇನ್ನೊಂದು ಗೋಡೆಯಲ್ಲಿ ಅಡಕಮಾಡಿದರೆಂಬ ಮುಖ್ಯ ಸಂಗತಿ ಸರಾಸರಿಯಲ್ಲಿ ಕರಗಿಹೋಯಿತು. ಅದನ್ನು ಉಳಿಸಿಕೊಳ್ಳಬೇಕಾದರೆ ಸರಾಸರಿಯ ಜೊತೆಗೆ ಇನ್ನೊಂದು ಅಂಕಿ ಬೇಕು. ಅತಿ ಹೆಚ್ಚಿನದು 70, ಅತಿ ಕಡಮೆಯದು 25, ವ್ಯಾಪ್ತಿ 45 ಎಂದಾದರೂ ಹೇಳಬೇಕು. ಸರಾಸರಿ ಗುಂಪಿನ ನಡುವನ್ನು ತೋರಿಸುತ್ತದೆ. ಗುಂಪು ಆ ನಡುವಿನಿಂದ ಎಷ್ಟು ದೂರ ಚದರಿದೆ ಎಂಬುದನ್ನು ತೋರಿಸುವುದು ಹರವಿನ ಅಳತೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅದು ಹೋಗಬೇಕೆಂಬುದು ನಮ್ಮ ಅಭಿಪ್ರಾಯ.

ಗೋಡೆಯ ಮಾತಿನಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಮಳೆಯ ಮಾತಿನಲ್ಲಿ ಹಾಗಲ್ಲ. ಅಮೃತಾಪುರವು ಚಿಕ್ಕಮಗಳೂರು ಜಿಲ್ಲೆಗೆ ಸೇರಿದೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 1900 ಮಿಲಿಮೀಟರೆಂದು ಹೇಳುವುದು ವಾಡಿಕೆ. ಜಿಲ್ಲೆಯ ಪಡುವಣ ಅಂಚಿನ ಶೃಂಗೇರಿಯಲ್ಲಿ ಮಳೆ 3000 ಮಿಲಿಮೀಟರನ್ನು ದಾಟುತ್ತದೆ. ಮೂಡಣ ಅಂಚಿನ ಕಡೂರಿನಲ್ಲಿ ಸುಮಾರು 600. ಐದು ಪಾಲಿಗೂ ಮಿಕ್ಕ ಅಂತರ! 1900 ಮಿಲಿಮೀಟರನ್ನು ನಂಬಿ ಕಡೂರಿನವನು ಮಳೆಗದ್ದೆಯ ಭತ್ತಕ್ಕೆ ಕೈಹಾಕಿದರೆ ಬೀಜವೂ ಕೈಗೆ ಬಾರದು. ಅದೇ ಅಂಕಿಯನ್ನು ನಂಬಿ ಶೃಂಗೇರಿಯವನು ಮನೆಯ ಮಾಡು ಕಟ್ಟಿದರೆ ಆಷಾಢದಲ್ಲಿ ಮನೆಯೊಳಗೇ ಕೊಡೆ ಬಿಡಿಸಬೇಕಾದೀತು. ತರೀಕೆರೆ ಇವೆರಡರ ನಡುವಿನ ಊರು, ಮಲೆನಾಡಿನ ಹೊಸ್ತಿಲು. ಅದಕ್ಕೂ ಈ ಅಂಕಿ ಹೊಂದುವುದಿಲ್ಲ. ಸಖರಾಯಪಟ್ಟಣದ ಅಯ್ಯನಕೆರೆ, ಕಡೂರು ಸೀಮೆಯ ಮದಗದ ಕೆರೆ ಮೊದಲಾದವನ್ನು ಕಟ್ಟಿದ ಹಿರಿಯರು ಸೂತ್ರ ಕಲಿತವರಲ್ಲ. ಆದರೂ ಮಳೆಯ ಸರಾಸರಿಗಿಂತ ಅದರ ಏರುಪೇರೇ ಬದುಕನ್ನು ಕೆಡಿಸುವುದೆಂದು ಅವರು ಅರಿತಿದ್ದರು. ಕೆರೆಯು ಮಳೆಯ ಮೊತ್ತವನ್ನು ಒಂದು ಹನಿಯಷ್ಟೂ ಹೆಚ್ಚಿಸದು. ತಿಂಗಳಿನಿಂದ ತಿಂಗಳಿಗೆ ಇರುವ ಏರಿಳಿತವನ್ನು ಕುಗ್ಗಿಸುತ್ತದೆ, ಅಷ್ಟೆ.

ಈಗ ಹೊಲಕ್ಕೆ ಬರೋಣ. ಲೆಕ್ಕದ ಅನುಕೂಲಕ್ಕಾಗಿ ಎರಡು ಪಂಚಾಯತಿಗಳನ್ನು ಊಹಿಸಿಕೊಳ್ಳೋಣ. ಒಂದೊಂದರಲ್ಲಿ ಐದೇ ರಾಗಿಯ ಹೊಲಗಳಿರಲಿ. ಮೊದಲನೆಯದರಲ್ಲಿ ಎಕರೆಗೆ 7, 8, 8, 8, 9 ಕ್ವಿಂಟಲ್ ಬೆಳೆಯಿತೆನ್ನೋಣ. ಎರಡನೆಯದರಲ್ಲಿ ಒಂದು ಮಗ್ಗುಲಿಗೆ ಮಳೆ ಬಿದ್ದು ಇನ್ನೊಂದು ಮಗ್ಗುಲಿಗೆ ತಪ್ಪಿದ್ದರಿಂದ 1, 2, 12, 12, 13. ಎರಡರ ಮೊತ್ತವೂ 40. ಎರಡರ ಸರಾಸರಿಯೂ 8.

ಸರಾಸರಿ ಮೋಸಮಾಡುವಲ್ಲಿ ಮಧ್ಯಾಂಕವನ್ನು ಹಿಡಿಯಿರಿ ಎಂದು ಪಠ್ಯಪುಸ್ತಕಗಳು ಉಪದೇಶಿಸುತ್ತವೆ. ಹಿಡಿದು ನೋಡೋಣ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ನಿಲ್ಲುವುದೇ ಮಧ್ಯಾಂಕ. ಮೊದಲ ಪಂಚಾಯತಿಯಲ್ಲಿ ಅದು 8, ಎರಡನೆಯದರಲ್ಲಿ 12. ಹೆಚ್ಚು ಸಲ ಬರುವ ಬೆಲೆಯಾದ ಬಹುಲಕವೂ ಹಾಗೆಯೇ: 8 ಮತ್ತು 12. ಎಂದರೆ, ಮಧ್ಯಾಂಕವನ್ನೋ ಬಹುಲಕವನ್ನೋ ನೆಚ್ಚಿದರೆ ಎರಡನೆಯ ಪಂಚಾಯತಿಯವರು ಮೊದಲನೆಯವರಿಗಿಂತ ಸುಖಿಗಳೆಂದು ತೋರುತ್ತದೆ! ಬೆಳೆ ಹೋದ ಇಬ್ಬರು ಸರಾಸರಿಯಲ್ಲಿ ಅರೆಮರೆಯಾಗಿದ್ದರೆ ಇಲ್ಲಿ ಪೂರ್ತಿ ಮರೆಯಾದರು. ನಡುವಿನ ಅಳತೆಯನ್ನು ಬದಲಾಯಿಸಿದ ಮಾತ್ರಕ್ಕೆ ದೋಷ ನೀಗುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹರವನ್ನು ಅಳೆಯುವುದು ಹೇಗೆ? ವ್ಯಾಪ್ತಿ ಎಲ್ಲಕ್ಕಿಂತ ಸುಲಭ: ಮೊದಲನೆಯದರಲ್ಲಿ 2, ಎರಡನೆಯದರಲ್ಲಿ 12. ಆದರೆ ಅದು ಎರಡು ತುದಿಗಳನ್ನು ಮಾತ್ರ ನೋಡಿ, ಒಳಗಿರುವುದನ್ನು ಕಡೆಗಣಿಸುತ್ತದೆ. ಪ್ರತಿಯೊಂದು ಅಂಕಿಯೂ ಸರಾಸರಿಯಿಂದ ಎಷ್ಟು ದೂರವಿದೆಯೆಂದು ಬರೆದುಕೊಂಡರೆ ಎರಡನೆಯ ಪಂಚಾಯತಿಯಲ್ಲಿ −7, −6, 4, 4, 5 ದೊರೆಯುತ್ತವೆ. ಇವನ್ನು ಕೂಡಿದರೆ ಸೊನ್ನೆ. ಯಾವ ಗುಂಪನ್ನು ತೆಗೆದುಕೊಂಡರೂ ಹೀಗೆಯೇ ಸೊನ್ನೆ ಬರುತ್ತದೆ. ಸರಾಸರಿಯ ಸ್ವಭಾವವೇ ಅದು, ತಕ್ಕಡಿಯ ನಡುಮುಳ್ಳಿನಂತೆ. ಆದುದರಿಂದ ಋಣಚಿಹ್ನೆ ಅಳಿಯಲೆಂದು ಒಂದೊಂದನ್ನೂ ವರ್ಗಮಾಡುತ್ತೇವೆ: 49, 36, 16, 16, 25. ಮೊತ್ತ 142, ಐದರಿಂದ ಭಾಗಿಸಿದರೆ 28.4, ವರ್ಗಮೂಲ ತೆಗೆದರೆ ಸುಮಾರು 5.3 ಕ್ವಿಂಟಲ್. ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್ 1893ರಲ್ಲಿ ಹೆಸರಿಟ್ಟ ಮಾನಕ ವಿಚಲನೆ ಇದೇ. ಮೊದಲ ಪಂಚಾಯತಿಯಲ್ಲಿ ಅದು ಸುಮಾರು 0.6. ಕೂಡುವುದು, ಭಾಗಿಸುವುದು, ವರ್ಗಮೂಲ ತೆಗೆಯುವುದು—ಪ್ರೌಢಶಾಲೆಯ ಹುಡುಗನಿಗೆ ಬಾರದ ವಿದ್ಯೆ ಇದರಲ್ಲಿ ಯಾವುದಿದೆ?

ಇದು ಕೇವಲ ಪುಸ್ತಕದ ಲೆಕ್ಕವಲ್ಲ. 2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿಯ ನಷ್ಟವನ್ನು ರೈತನ ಹೊಲದಿಂದ ಅಳೆಯುವುದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯ ಸರಾಸರಿಯಿಂದ ಅಳೆಯುತ್ತಾರೆ. ಆಲಿಕಲ್ಲು, ಹೊಲ ಮುಳುಗುವುದು ಮುಂತಾದ ಕೆಲವು ವಿಪತ್ತುಗಳಿಗೆ ಮಾತ್ರ ಹೊಲವಾರು ಪರಿಶೀಲನೆಯುಂಟು. 2018ರಲ್ಲಿ ಪರಿಷ್ಕೃತವಾದ ನಿಯಮಗಳಂತೆ, ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿ ತೆಗೆದು, ಅದರಲ್ಲಿ ನಿಗದಿಯಾದ ಶೇಕಡಾ ಪಾಲನ್ನು ಹೊಸ್ತಿಲಿನಂತೆ ಇಟ್ಟುಕೊಳ್ಳುತ್ತಾರೆ. ಪಂಚಾಯತಿಯ ಕೆಲವು ತಾಕುಗಳಲ್ಲಿ, ಸಾಮಾನ್ಯವಾಗಿ ನಾಲ್ಕರಲ್ಲಿ, ಬೆಳೆ ಕಟಾವು ಪ್ರಯೋಗ ಮಾಡಿ ಈ ವರ್ಷದ ಸರಾಸರಿ ಕಂಡುಹಿಡಿಯುತ್ತಾರೆ. ಅದು ಹೊಸ್ತಿಲಿಗಿಂತ ಕೆಳಗಿಳಿದರೆ, ಇಳಿದ ಪ್ರಮಾಣಕ್ಕೆ ತಕ್ಕಂತೆ ಎಲ್ಲ ವಿಮಾದಾರರಿಗೂ ಪರಿಹಾರ. ಇಳಿಯದಿದ್ದರೆ ಯಾರಿಗೂ ಇಲ್ಲ.

ನಮ್ಮ ಊಹೆಯ ಪಂಚಾಯತಿಗಳಿಗೆ ಹೊಸ್ತಿಲು 7 ಕ್ವಿಂಟಲ್ ಇರಲಿ. ಮೊದಲನೆಯದರಲ್ಲಿ ಯಾವ ನಾಲ್ಕು ಹೊಲಗಳನ್ನು ಆಯ್ದರೂ ಸರಾಸರಿಯು 7.75ಕ್ಕೂ 8.25ಕ್ಕೂ ನಡುವೆ ಬೀಳುತ್ತದೆ, ತೀರ್ಪು ಬದಲಾಗದು. ಎರಡನೆಯದರಲ್ಲಿ 2, 12, 12, 13ರ ಹೊಲಗಳು ಆಯ್ಕೆಗೆ ಬಂದರೆ ಸರಾಸರಿ 9.75, ಪರಿಹಾರವಿಲ್ಲ. ಚೀಟಿ ಬೇರೆಯಾಗಿ ಬಿದ್ದು 1, 2, 12, 12 ಬಂದರೆ 6.75; ವಿಮೆಯ ಮೊತ್ತದಲ್ಲಿ ನೂರಕ್ಕೆ ಸುಮಾರು ಮೂರೂವರೆ ರೂಪಾಯಿ. ಒಂದೇ ಕ್ವಿಂಟಲ್ ಬೆಳೆದವನಿಗೂ ಅಷ್ಟೇ, ಹದಿಮೂರು ಬೆಳೆದವನಿಗೂ ಅಷ್ಟೇ. ಹೀಗಾದಾಗ ರೈತನು ಅಧಿಕಾರಿಗಳು ಮೋಸಮಾಡಿದರೆಂದು ಬಗೆಯುತ್ತಾನೆ. ಮೋಸ ಯಾರದೂ ಅಲ್ಲದಿರಬಹುದು. ಹರವನ್ನು ಹೇಳದ ಸರಾಸರಿಯದು.

ಪ್ರತಿಯೊಂದು ಹೊಲವನ್ನೂ ಅಳೆಯಿರಿ ಎಂದು ನಾವು ಹೇಳುತ್ತಿಲ್ಲ. ಅದರ ವೆಚ್ಚವು ಪರಿಹಾರವನ್ನೇ ನುಂಗೀತು. ಕೆಲವು ತಾಕುಗಳನ್ನು ಯಾದೃಚ್ಛಿಕವಾಗಿ ಆಯ್ದು ಇಡೀ ಪ್ರದೇಶದ ಬೆಳೆಯನ್ನು ಅಂದಾಜುಮಾಡುವ ವಿಧಾನವನ್ನು ಮಹಲನೋಬಿಸ್, ಸುಖಾತ್ಮೆ ಮೊದಲಾದ ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞರೇ ಬೆಳೆಸಿದ್ದು. ಅದು ಹೆಮ್ಮೆಯ ವಿಷಯ. ನಾವು ಕೇಳುವುದು ಇಷ್ಟೆ: ನಾಲ್ಕು ತಾಕುಗಳ ಅಂಕಿಗಳು ಹೇಗೂ ಕೈಯಲ್ಲಿವೆ. ಸರಾಸರಿಯ ಪಕ್ಕದಲ್ಲಿ ಅವುಗಳ ವ್ಯಾಪ್ತಿಯನ್ನೂ ಮಾನಕ ವಿಚಲನೆಯನ್ನೂ ಪಂಚಾಯತಿಯ ಗೋಡೆಗೆ ಅಂಟಿಸಲಿ. ಅದಕ್ಕೆ ಖರ್ಚು ಅರ್ಧ ಹಾಳೆ ಕಾಗದ. ಹರವು ಅತಿಯಾಗಿ ಕಂಡ ಕಡೆ ಇನ್ನೂ ನಾಲ್ಕು ತಾಕುಗಳನ್ನು ಕಟಾವು ಮಾಡಲಿ, ಇಲ್ಲವೆ ಪಂಚಾಯತಿಯನ್ನು ಎರಡು ಭಾಗವಾಗಿ ಎಣಿಸಲಿ.

ಅಂಟಿಸಿದ ಕಾಗದವನ್ನು ಓದುವವರು ಬೇಕಲ್ಲ ಎಂದು ಕೆಲವರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ನಮ್ಮ ಹತ್ತನೆಯ ತರಗತಿಯ ಗಣಿತದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ವರ್ಗಾಂತರದ ಕೋಷ್ಟಕಗಳೊಡನೆ ವಿಸ್ತಾರವಾಗಿ ಕಲಿಸುತ್ತಾರೆ. ಮಾನಕ ವಿಚಲನೆ ಬರುವುದು ಪದವಿಪೂರ್ವ ತರಗತಿಯಲ್ಲಿ, ಅದೂ ಅದಕ್ಕೆ ತಕ್ಕ ವಿಷಯಗಳನ್ನು ಆಯ್ದುಕೊಂಡವರಿಗೆ. ಹತ್ತಕ್ಕೆ ಓದು ನಿಲ್ಲಿಸಿ ಹೊಲಕ್ಕೆ ಇಳಿಯುವವನಿಗೆ ಹರವಿನ ಹೆಸರೂ ಕಿವಿಗೆ ಬೀಳುವುದಿಲ್ಲ. ಯಾರಿಗೆ ಅದು ಹೆಚ್ಚು ಬೇಕೋ ಅವರಿಗೇ ಅದು ಸಿಕ್ಕದು. ಬಹುಲಕದ ಸೂತ್ರವನ್ನು ಬಾಯಿಪಾಠ ಮಾಡಿಸುವ ಎರಡು ಪಿರಿಯಡ್ಡುಗಳನ್ನು ಹರವಿಗೆ ಕೊಟ್ಟರೆ ಗಣಿತಕ್ಕೆ ಏನೂ ಕುಂದಾಗದೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಈ ವಿಷಯದಲ್ಲಿ ಕನ್ನಡನಾಡಿನವರು ಹಿಂಜರಿಯಲು ಕಾರಣವೂ ಇಲ್ಲ. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಸಿ. ಆರ್. ರಾವ್ ಅವರು 1945ರಲ್ಲಿ ಪ್ರಕಟಿಸಿದ, ಸ್ವೀಡನ್ನಿನ ಕ್ರಾಮರ್ ಅವರ ಹೆಸರಿನೊಡನೆ ಜೋಡಿಯಾಗಿ ಪ್ರಸಿದ್ಧವಾದ ಪ್ರಮೇಯವು ಹರವನ್ನೇ ಕುರಿತದ್ದು. ಪಕ್ಷಪಾತವಿಲ್ಲದ ಅಂದಾಜನ್ನು ಎಷ್ಟೇ ಜಾಣತನದಿಂದ ಮಾಡಿದರೂ ಅದರ ಹರವು ಒಂದು ಎಲ್ಲೆಗಿಂತ ಕಿರಿದಾಗಲಾರದೆಂದು ಅದು ತೋರಿಸುತ್ತದೆ.

ಶಾಲೆಗಳು ಸರ್ಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯತಿಗಳ ಮಟ್ಟದಲ್ಲಿಯೇ ಇವೆ. ತರೀಕೆರೆ, ಕಡೂರು, ಅಜ್ಜಂಪುರಗಳ ವಿದ್ಯಾರ್ಥಿಗಳು ತಮ್ಮ ಊರಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ವಾರವಾರವಾಗಿ ಬರೆದು, ಸರಾಸರಿಯನ್ನೂ ಮಾನಕ ವಿಚಲನೆಯನ್ನೂ ತೆಗೆದು, ನೆರೆಯ ಶಾಲೆಯವರ ಅಂಕಿಗಳೊಡನೆ ಹೋಲಿಸಿ ನೋಡಲಿ. ಮೂರು ತಾಲ್ಲೂಕುಗಳ ಹಾಳೆಗಳನ್ನು ಒಂದೇ ಗೋಡೆಯ ಮೇಲೆ ತೂಗುಹಾಕಿದ ದಿನ ನಮಗೂ ಒಂದು ಪ್ರತಿ ಕಳುಹಿಸಿದರೆ ಸಂತೋಷದಿಂದ ಅಚ್ಚುಮಾಡುತ್ತೇವೆ.