ಮನೆಗೆ ಬಂದ ಕಛೇರಿ

ಕಲ್ಕತ್ತೆಯ ನೈಋತ್ಯ ಭಾಗದಲ್ಲಿ, ಹೂಗ್ಲಿ ನದಿಯ ದಂಡೆಯ ಮೇಲೆ, ಗಾರ್ಡನ್ ರೀಚ್ ಎಂಬ ಪ್ರದೇಶವಿದೆ. 1856ರಲ್ಲಿ ಅವಧ ರಾಜ್ಯವನ್ನು ಕಳೆದುಕೊಂಡ ನವಾಬ ವಾಜಿದ್ ಅಲಿ ಷಾ ತನ್ನ ಉಳಿದ ಬಾಳನ್ನು ಕಳೆದುದು ಆ ಸುತ್ತಿನಲ್ಲಿಯೇ. ಇಂದು ಅಲ್ಲಿ ಎರಡು ದೊಡ್ಡ ಸಂಸ್ಥೆಗಳಿವೆ. ಒಂದು, 1955ರಲ್ಲಿ ರಚಿತವಾದ ಆಗ್ನೇಯ ರೈಲ್ವೆಯ ಪ್ರಧಾನ ಕಛೇರಿ. ಇನ್ನೊಂದು, 1884ರಲ್ಲಿ ಹುಟ್ಟಿ 1960ರಲ್ಲಿ ಭಾರತ ಸರ್ಕಾರದ ವಶಕ್ಕೆ ಬಂದ ಹಡಗುಕಟ್ಟೆ. ಸ್ವತಂತ್ರ ಭಾರತದಲ್ಲಿಯೇ ಕಟ್ಟಿದ ಮೊದಲ ಯುದ್ಧನೌಕೆ ‘ಅಜಯ್’ 1961ರಲ್ಲಿ ಇಲ್ಲಿಂದಲೇ ನೌಕಾಪಡೆಗೆ ಸಂದಿತು. ಇಷ್ಟು ದೂರದ ಊರಿನ ಮಾತು ಕನ್ನಡ ಶಾಲೆಯ ಸಂಚಿಕೆಯಲ್ಲಿ ಏಕೆಂದು ಗೆಳೆಯರು ಕೇಳಬಹುದು. ಇಂದು ನಮ್ಮ ಅನೇಕರ ಮನೆಗಳಲ್ಲಿ ತಂದೆಯೋ ತಾಯಿಯೋ ಅಕ್ಕನೋ ಊಟದ ಮೇಜಿನ ಮೇಲೆ ಕಛೇರಿಯನ್ನು ತೆರೆದು ಕುಳಿತಿರುವರಷ್ಟೆ. ಆ ಕೆಲಸದ ಗುಣದೋಷಗಳನ್ನು ತೂಗಲು ಗಾರ್ಡನ್ ರೀಚಿನಂಥ ತಕ್ಕಡಿ ಬೇರೊಂದಿಲ್ಲವೆಂದು ನಮಗೆ ತೋರಿತು.

ದೂರದಿಂದ ಕಾರ್ಯಭಾರ ನಡೆಸುವ ಯೋಚನೆ ಆ ನದಿಗೆ ಹೊಸದಲ್ಲ. 1839ರಲ್ಲಿ ಕಲ್ಕತ್ತೆಯ ವೈದ್ಯ ಕಾಲೇಜಿನ ಪ್ರಾಧ್ಯಾಪಕನಾಗಿದ್ದ ಓಶಾಗ್ನೆಸಿ ಎಂಬಾತನು ಅಲ್ಲಿ ಮೈಲಿಗಟ್ಟಲೆ ತಂತಿ ಎಳೆದು ವಿದ್ಯುತ್ತಿನ ಮೂಲಕ ಸಂಕೇತ ಕಳುಹಿಸುವ ಪ್ರಯೋಗ ಮಾಡಿದನು. 1851ರ ಹೊತ್ತಿಗೆ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ತಂತಿ ಏರ್ಪಟ್ಟು, ಹಡಗುಗಳ ಸುದ್ದಿ ಅವು ನಗರವನ್ನು ಮುಟ್ಟುವ ಮೊದಲೇ ತಲಪುವಂತಾಯಿತು. ಆದರೆ ಆಗ ಪ್ರಯಾಣ ಮಾಡುತ್ತಿದ್ದುದು ಸುದ್ದಿ ಮಾತ್ರ; ತಂತಿಯ ಗುಮಾಸ್ತನು ಕಛೇರಿಯ ಕುರ್ಚಿಯನ್ನು ಬಿಟ್ಟು ಏಳುವಂತಿರಲಿಲ್ಲ. ನಮ್ಮ ಕಾಲದಲ್ಲಿ ಕಛೇರಿಯ ಒಳಗೇ ಮನೆಗೆ ಬಂದಿದೆ. ಭೇದವಿರುವುದು ಇಲ್ಲಿ.

ಇದು ನಡೆಯುವ ಬಗೆಯನ್ನು ತಿಳಿಯುವುದು ಕಷ್ಟವಲ್ಲ. ಕಛೇರಿಯ ಗಣಕಯಂತ್ರಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡು, ಹೊರಗಿನವರು ಕಾಣದಂತೆ, ಕೋಟೆಯೊಳಗಿನ ಊರಿನಂತೆ ಇರುತ್ತವೆ. ಮೊದಲು ದೂರದಿಂದ ಒಳಹೋಗಬೇಕಾದವನು ತನ್ನ ಯಂತ್ರದಲ್ಲಿ ವಿಶೇಷ ತಂತ್ರಾಂಶವನ್ನು ಹಾಕಿಸಿಕೊಳ್ಳಬೇಕಾಗಿತ್ತು. ಈಗ ಅನೇಕ ಕಡೆ ಬ್ರೌಸರ್ ಒಂದೇ ಸಾಕು; ನಾವು ಪಾಠಗಳನ್ನು ಹುಡುಕುವ ಬ್ರೌಸರೇ ಅದು. ಕೋಟೆಯ ಹೊರಬಾಗಿಲಲ್ಲಿ ದ್ವಾರಪಾಲಕನಂತೆ ಒಂದು ಯಂತ್ರವಿರುತ್ತದೆ. ಮೊದಲು ಅದು ತಾನು ನಿಜವಾದ ದ್ವಾರಪಾಲಕನೆಂಬುದಕ್ಕೆ ಪ್ರಮಾಣಪತ್ರವನ್ನು ತೋರಿಸುತ್ತದೆ. ಅನಂತರ ಬಂದವನ ಹೆಸರನ್ನೂ ಗುಪ್ತಪದವನ್ನೂ ದೂರವಾಣಿಗೆ ಬಂದ ಒಂದು ಸಲದ ಸಂಖ್ಯೆಯನ್ನೂ ಕೇಳುತ್ತದೆ. ಎಲ್ಲವೂ ಸರಿಯಾಗಿದ್ದರೆ ಒಳಗಿನ ಕಡತವನ್ನು ತಾನೇ ತಂದು, ನಡುದಾರಿಯಲ್ಲಿ ಯಾರೂ ಓದಲಾಗದ ಗೂಢಲಿಪಿಯಲ್ಲಿ ಕಳುಹಿಸುತ್ತದೆ. ಕೆಲವು ಏರ್ಪಾಡುಗಳಲ್ಲಿ ಕಡತವೇ ಬರುವುದಿಲ್ಲ. ಅದರ ಚಿತ್ರ ಮಾತ್ರ ಪರದೆಯ ಮೇಲೆ ಮೂಡುತ್ತದೆ. ಇದೇ ಉತ್ತಮವೆಂದು ನಮ್ಮ ಮತ.

2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಇದರ ಬೆಲೆ ತಿಳಿಯಿತು. ಪ್ರಯಾಣಿಕರ ಗಾಡಿಗಳು ನಿಂತವು. ಧಾನ್ಯವನ್ನೂ ಕಲ್ಲಿದ್ದಲನ್ನೂ ಹೊತ್ತ ಗಾಡಿಗಳು ಮಾತ್ರ ನಿಲ್ಲುವಂತಿರಲಿಲ್ಲ. ರೈಲ್ವೆಯ ಕಾಗದಪತ್ರಗಳಲ್ಲಿ ಬಹುಭಾಗ ಅಷ್ಟರೊಳಗೆ ‘ಇ-ಆಫೀಸ್’ ಎಂಬ ಏರ್ಪಾಡಿಗೆ ಸೇರಿದ್ದುದರಿಂದ ಅಧಿಕಾರಿಗಳು ಮನೆಯಿಂದಲೇ ಕಡತಗಳನ್ನು ವಿಲೇವಾರಿ ಮಾಡಿದರು. ಆದರೆ ಅದೇ ಗಾರ್ಡನ್ ರೀಚಿನ ಹಡಗುಕಟ್ಟೆಯಲ್ಲಿ ಉಕ್ಕಿನ ಹಲಗೆಯನ್ನು ಬೆಸೆಯುವ ಕೆಲಸಗಾರನಿಗೆ ಯಾವ ಬ್ರೌಸರೂ ನೆರವಾಗಲಾರದು. ಹಡಗು ಇರುವಲ್ಲಿಗೆ ಅವನು ಹೋಗಲೇಬೇಕು. ಮನೆಯಲ್ಲಿ ಕುಳಿತು ಮಾಡುವ ಕೆಲಸವೇ ಮೇಲಾದುದೆಂಬ ಭಾವನೆ ನಮ್ಮ ಓರಗೆಯವರಲ್ಲಿ ಹಬ್ಬುತ್ತಿದೆ. ಇದನ್ನು ನಾವು ಒಪ್ಪಲಾರೆವು. ಚಾಲಕನೂ ಹಳಿ ಕಾಯುವವನೂ ಮನೆಯಲ್ಲಿಯೇ ಉಳಿದಿದ್ದರೆ ಸಹಿಯಾದ ಕಡತದಿಂದ ಯಾರ ಮನೆಗೆ ಅಕ್ಕಿ ಬರುತ್ತಿತ್ತು?

ಇನ್ನು ಅಪಾಯದ ಮಾತು. ಎಲ್ಲಿಂದಲಾದರೂ ತೆರೆಯಬಹುದಾದ ಬಾಗಿಲನ್ನು ಯಾರು ಬೇಕಾದರೂ ತಟ್ಟಬಹುದು. 2021ರಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಎಂಬ ತೈಲಸಂಸ್ಥೆಯೊಳಗೆ ಕಳ್ಳರು ನುಗ್ಗಿದ್ದು ದೂರಪ್ರವೇಶದ ಒಂದು ಹಳೆಯ ಖಾತೆಯಿಂದ. ಯಾರೂ ಬಳಸದಿದ್ದರೂ ಆ ಖಾತೆಯನ್ನು ಮುಚ್ಚಿರಲಿಲ್ಲ; ಗುಪ್ತಪದವೊಂದನ್ನು ಬಿಟ್ಟು ಎರಡನೆಯ ಪರೀಕ್ಷೆಯೂ ಅದಕ್ಕಿರಲಿಲ್ಲ. ಸಾವಿರಾರು ಮೈಲಿಗಳ ತೈಲದ ಕೊಳವೆಗಳು ಕೆಲವು ದಿನ ನಿಂತವು. ಪೆಟ್ರೋಲಿಗಾಗಿ ಜನ ಸಾಲುಗಟ್ಟಿದರು. ಸಂಸ್ಥೆಯು 44 ಲಕ್ಷ ಡಾಲರುಗಳಷ್ಟು ಹಣ ತೆರಬೇಕಾಯಿತು. ಮರೆತುಬಿಟ್ಟ ಒಂದು ಕಿಂಡಿ ಅಷ್ಟು ಮಾಡಿತು.

ಇಲ್ಲಿ ನಮ್ಮ ಸಂಬಂಧವೇನು? ಹಗಲು ಅಮ್ಮ ಕಛೇರಿಗೆ ಬಳಸುವ ಗಣಕಯಂತ್ರದಲ್ಲಿಯೇ ಸಂಜೆ ನಾವು ಪಾಠ ಓದುತ್ತೇವೆ, ಆಟವನ್ನೂ ಆಡುತ್ತೇವೆ. ಆಟದೊಡನೆ ಇಳಿದು ಬಂದ ಕೆಡುಕಿನ ತಂತ್ರಾಂಶವು ಮರುದಿನ ಅಮ್ಮ ಒತ್ತುವ ಅಕ್ಷರಗಳನ್ನೆಲ್ಲ ಕದಿಯಬಲ್ಲುದು. ತಪ್ಪನ್ನು ಮಕ್ಕಳ ತಲೆಗೇ ಕಟ್ಟುವುದು ನ್ಯಾಯವಲ್ಲ. ಮನೆಯಿಂದ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆ ಅದಕ್ಕೆ ಬೇರೆ ಯಂತ್ರವನ್ನು ಕೊಡಲಿ. ಒಂದೇ ಕೋಣೆಯ ಸಂಸಾರದಲ್ಲಿ ಎರಡನೆಯ ಯಂತ್ರವನ್ನು ಯಾರು ಕೊಳ್ಳಬಲ್ಲರು? ರಾತ್ರಿ ಒಂಬತ್ತರ ಮೇಲೆ ಆ ಬಾಗಿಲು ತಾನಾಗಿ ಮುಚ್ಚುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಊಟಕ್ಕೆ ಕರೆದರೆ ‘ಇನ್ನೈದು ನಿಮಿಷ’ ಎನ್ನುವ ತಂದೆಯರ ಮಕ್ಕಳು ಇದನ್ನು ಮೊದಲು ಬೆಂಬಲಿಸುವರು.

ಭಾಷೆಯ ಮಾತೊಂದು ಉಳಿದಿದೆ. ಪ್ರಮಾಣಪತ್ರ ಸರಿಯಿಲ್ಲ, ಮುಂದುವರಿಯುವುದು ಅಪಾಯ ಎಂಬ ಎಚ್ಚರಿಕೆ ನಮ್ಮ ಮನೆಗಳ ಪರದೆಯ ಮೇಲೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬರುತ್ತದೆ. ಓದಿ ಅರ್ಥಮಾಡಿಕೊಳ್ಳುವ ತಾಳ್ಮೆಯಿಲ್ಲದೆ ಹಲವರು ಮುಂದಿನ ಗುಂಡಿಯನ್ನು ಒತ್ತಿಬಿಡುತ್ತಾರೆ. ಬ್ರೌಸರನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಲು ಸಾಧ್ಯವಿದೆ. ಹಾಗೆ ಮಾಡಿಕೊಂಡವರು ನಮ್ಮ ತರಗತಿಗಳಲ್ಲಿ ವಿರಳ. ಕನ್ನಡದಲ್ಲಿ ಓದುವ ನಾವೇ ಅದನ್ನು ಮಾಡದಿದ್ದರೆ ಮತ್ತಾರು ಮಾಡಿಯಾರು? ಈ ಬೇಸಗೆಯ ರಜೆಯಲ್ಲಿ ಮನೆಯ ಹಿರಿಯರ ಅಪ್ಪಣೆ ಪಡೆದು ಅದಕ್ಕೆ ಕೈಹಾಕಬಹುದು. ಕಿಟಕಿಯನ್ನು ಮುಚ್ಚಿದ ಮಾತ್ರಕ್ಕೆ ಕಛೇರಿಯ ಬಾಗಿಲು ಮುಚ್ಚುವುದೆಂಬ ನೆಚ್ಚಿಕೆಯಿಲ್ಲ, ‘ಲಾಗ್ ಔಟ್’ ಎಂಬುದನ್ನು ಒತ್ತಬೇಕು ಎಂಬುದನ್ನೂ ಅದೇ ಸಮಯದಲ್ಲಿ ಅವರಿಗೆ ತಿಳಿಸಬಹುದು.