ಕರಡಿಗೆ ಯಾರ ಬಳಿ ಇದೆ?



ಮನೋರೋಗಿಯನ್ನು ಆಸ್ಪತ್ರೆಗೆ ಸೇರಿಸುವ ಕಾರ್ಯವು ನಮ್ಮ ಅನೇಕ ಮನೆಗಳಲ್ಲಿ ಒಂದು ಸುಳ್ಳಿನಿಂದ ಆರಂಭವಾಗುತ್ತದೆ. ಉಳವಿಗೆ ಹೋಗೋಣವೆಂದೋ ಬೀಗರ ಮನೆಗೆ ಹೋಗೋಣವೆಂದೋ ನಂಬಿಸಿ ಬಸ್ಸು ಹತ್ತಿಸುತ್ತೇವೆ. ಇಳಿದಾಗ ಎದುರಿಗಿರುವುದು ಆಸ್ಪತ್ರೆಯ ಬಾಗಿಲು.

ನಮ್ಮ ಪರಿಚಯದ ಮನೆಯ ಸೊಸೆಯೊಬ್ಬರು ಹೀಗೆಯೇ ದಾಖಲಾದರು. ಎರಡು ದಿನ ಅನ್ನ ಮುಟ್ಟಲಿಲ್ಲ. ಕಾಯಿಲೆ ಉಲ್ಬಣಿಸಿತೆಂದೇ ಎಲ್ಲರೂ ಬಗೆದರು. ಮೂರನೆಯ ದಿನ ಆಕೆ ಬಾಯಿಬಿಟ್ಟು ಕೇಳಿದ್ದು ಇಷ್ಟೇ: "ನನ್ನ ಲಿಂಗ ಎಲ್ಲಿ?" ಕೊರಳಿಗೆ ಉರುಳಾಗಬಹುದಾದ ದಾರ ಮೊದಲಾದವನ್ನು ಸುರಕ್ಷತೆಗಾಗಿ ತೆಗೆದಿರಿಸುವುದು ಇಂತಹ ವಾರ್ಡುಗಳಲ್ಲಿ ಉಂಟು. ದಾದಿಯರು ಶಿವದಾರ ಸಹಿತ ಕರಡಿಗೆಯನ್ನು ಅತ್ತೆಯವರ ಕೈಗೆ ಒಪ್ಪಿಸಿದ್ದರು. ಅವರು ಅದನ್ನು ಭಕ್ತಿಯಿಂದ ಕಾಪಾಡಿದ್ದರು. ಸೊಸೆಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಲಿಂಗವು ಅಂಗದಿಂದ ಅಗಲಿರುವಾಗ ಪ್ರಸಾದ ಸ್ವೀಕರಿಸುವುದೆಂತು ಎಂಬುದು ಆಕೆಯ ಸಂಕಟವಾಗಿತ್ತು. ವೈದ್ಯರನ್ನು ಕೇಳಲಾಗಿ, ದಾದಿಯೊಬ್ಬರ ಸಮ್ಮುಖದಲ್ಲಿ ಪೂಜೆಗೆ ಅವಕಾಶ ದೊರೆಯಿತು. ಅಂದು ಆಕೆ ಉಂಡರು.

ಇದು ಕೃಪೆಯ ಮಾತಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಆಸ್ಪತ್ರೆಯಲ್ಲಿ ಧಾರ್ಮಿಕ ಆಚರಣೆಗೆ ಸೌಕರ್ಯವಿರಬೇಕೆನ್ನುತ್ತದೆ. ಬಲವಂತವಾಗಿ ತಲೆ ಬೋಳಿಸಬಾರದು, ಇಚ್ಛಿಸಿದವರಿಗೆ ಸ್ವಂತ ಉಡುಪು ಧರಿಸಲು ಬಿಡಬೇಕು ಎನ್ನುತ್ತದೆ. ಯಾವ ನಿಯಮದನ್ವಯ ದಾಖಲಿಸಿಕೊಂಡರು, ಕಾಯಿಲೆ ಎಂತಹದು, ಚಿಕಿತ್ಸೆ ಏನು ಎಂಬುದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ಹೇಳಬೇಕು. ದಾಖಲಾದ ಗಳಿಗೆಯಲ್ಲಿ ಗ್ರಹಿಸುವ ಸ್ಥಿತಿ ಇಲ್ಲದಿದ್ದರೆ, ಆ ಸ್ಥಿತಿ ಬಂದೊಡನೆ ಹೇಳತಕ್ಕದ್ದು. ದಾಖಲಾತಿಯನ್ನು ಮರುಪರಿಶೀಲಿಸುವಂತೆ ಮಂಡಳಿಗೆ ಅರ್ಜಿ ಸಲ್ಲಿಸಬಹುದೆಂಬುದೂ ಆ ತಿಳಿವಳಿಕೆಯಲ್ಲಿ ಸೇರಿದೆ.

ಆದರೆ ಕಾಯ್ದೆ ತಿಳಿಸದ ಸಣ್ಣ ಸಂಗತಿಗಳೇ ಮೊದಲ ರಾತ್ರಿಯನ್ನು ಕಳೆಯಿಸುವಂಥವು. ಮದುವೆಮನೆಗೆ ಬಂದ ನೆಂಟರಿಗೆ ನಾವು ಬಚ್ಚಲೆಲ್ಲಿ, ಕುಡಿಯುವ ನೀರೆಲ್ಲಿ ಎಂದು ತೋರಿಸುವುದಿಲ್ಲವೇ? ಶೌಚಾಲಯ ಯಾವ ಕಡೆ, ಊಟದ ಹೊತ್ತು ಯಾವುದು, ರಾತ್ರಿ ಬಾಗಿಲು ಏಕೆ ಹಾಕುತ್ತಾರೆ, ಅಂಜಿಕೆಯಾದರೆ ಯಾರನ್ನು ಕರೆಯಬೇಕು ಎಂಬಷ್ಟನ್ನಾದರೂ ದಾದಿಯರಿಂದ ಕೇಳಿಕೊಂಡು ರೋಗಿಯೊಡನೆ ಒಮ್ಮೆ ವಾರ್ಡು ಸುತ್ತಿ ಬರಬೇಕು. ಔಷಧದ ಮಂಪರಿನಲ್ಲಿ ಇಂದು ಕೇಳಿದ್ದು ನಾಳೆ ಮರೆತುಹೋಗಬಹುದು. ಬೇಸರಿಸದೆ ಮತ್ತೆ ಹೇಳಬೇಕು. "ನಾಳೆಯೇ ಕರೆದೊಯ್ಯುತ್ತೇವೆ" ಎಂಬ ಮಾತನ್ನಂತೂ ಆಡಲೇಬಾರದು. ಅದು ಬಸ್ಸು ಹತ್ತಿಸಿದಾಗ ಹೇಳಿದ ಸುಳ್ಳಿನ ತಂಗಿ.

ಒಂದು ಚೀಟಿಯಲ್ಲಿ ದಪ್ಪಕ್ಷರಗಳಲ್ಲಿ ಬರೆದಿಡಿ: ಈ ಸ್ಥಳದ ಹೆಸರು, ನೋಡುವ ವೈದ್ಯರ ಹೆಸರು, ಮನೆಯವರು ಮತ್ತೆ ಬರುವ ವಾರ, ಕರಡಿಗೆ ಯಾರ ಬಳಿ ಇದೆ ಎಂಬುದು. ಅದನ್ನು ತಲೆದಿಂಬಿನ ಕೆಳಗಿರಿಸಿ, ಇರಿಸಿದ್ದನ್ನು ಅವರಿಗೆ ತೋರಿಸಿಯೇ ಹೊರಡಿ.