ಹತ್ತಡಿಯ ನಡಿಗೆ

ಬೆಂಗಳೂರು, ಮುಂಬಯಿ, ದುಬೈಗಳಲ್ಲಿ ನೆಲೆಸಿರುವ ನನ್ನ ಶಿಷ್ಯರು ವಂಡ್ಸೆಯ ಮನೆಗೆ ಫೋನು ಮಾಡಿದಾಗ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ನಿಶ್ಚಿತ: ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ, ಮಳೆ ಹೇಗಿದೆ. ನಡಿಗೆಯ ಬಗ್ಗೆ ಕೇಳುವವರು ಅಪರೂಪ. ಕೇಳಿದರೂ “ಅಡ್ಡಿಲ್ಲೆ ಮಗಾ” ಎಂಬ ಉತ್ತರವೇ ಬರುತ್ತದೆ. ಈ ‘ಅಡ್ಡಿಲ್ಲೆ’ಯನ್ನು ನಂಬಬಾರದು, ಹಿರಿಯರ ನಡಿಗೆಯನ್ನು ಅವರ ಮನೆಯಲ್ಲಿಯೇ ಕಣ್ಣಾರೆ ನೋಡಿ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ.

ವಿಧಾನವೇನೂ ಕಠಿಣವಲ್ಲ. ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಎಂಬಿಬ್ಬರು 1991ರಲ್ಲಿ ಪ್ರಕಟಿಸಿದ ಪರೀಕ್ಷೆಗೆ ಬೇಕಾದುದು ಕೈಯಿರುವ ಒಂದು ಕುರ್ಚಿ, ಒಂದು ಗಡಿಯಾರ, 3 ಮೀಟರ್ ಅಂದರೆ ಸುಮಾರು ಹತ್ತಡಿ ಜಾಗ. ಕುರ್ಚಿಯಿಂದ ಎದ್ದು, ಎಂದಿನ ವೇಗದಲ್ಲಿ ಅಷ್ಟು ದೂರ ನಡೆದು, ತಿರುಗಿ ಬಂದು ಕುಳಿತುಕೊಳ್ಳಬೇಕು. ದಿನವೂ ಹಿಡಿಯುವ ಊರುಗೋಲು, ಮೆಟ್ಟುವ ಚಪ್ಪಲಿ ಇರಲಿ. ಆಸರೆಗೆ ಒಬ್ಬರು ಪಕ್ಕದಲ್ಲಿ ಇರಲೇಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಪರಿಗಣಿಸುತ್ತದೆ. ನಮ್ಮ ದೇಶದಲ್ಲಿಯೂ 2017–18ರ ‘ಲಾಸಿ’ ಸಮೀಕ್ಷೆಯವರು ಮನೆಮನೆಗೆ ಹೋಗಿ, ಅರುವತ್ತು ತುಂಬಿದವರನ್ನು 4 ಮೀಟರ್ ನಡೆಸಿ ವೇಗವನ್ನು ಅಳೆದಿದ್ದರು.

ಆದರೆ ಸೆಕೆಂಡುಗಳಷ್ಟೇ ಸಾಲವು. ಅಂಕವನ್ನು ಮಾತ್ರ ನೋಡಿದರೆ ಹುಡುಗ ಯಾವ ಲೆಕ್ಕದಲ್ಲಿ ಎಡವಿದನೆಂದು ತಿಳಿಯುವುದೇ? ಏಳಲು ಎರಡೆರಡು ಸಲ ಪ್ರಯತ್ನಿಸುತ್ತಾರೆಯೇ, ತಿರುಗುವಾಗ ಗೋಡೆ ಹಿಡಿಯುತ್ತಾರೆಯೇ, ನಡೆಯುತ್ತಿರುವಾಗ ಮಾತನಾಡಿಸಿದರೆ ನಿಂತುಬಿಡುತ್ತಾರೆಯೇ ಎಂದು ಗಮನಿಸಿ. ಕೊನೆಯದು ಕ್ಷುಲ್ಲಕವಲ್ಲ. ಹಾಗೆ ನಿಲ್ಲುವ ಹಿರಿಯರು ಮುಂದೆ ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ಸಂಶೋಧಕರು 1997ರಲ್ಲಿ ತೋರಿಸಿದರು.

ಮನೆಯಲ್ಲಿಯೇ ಏಕೆ? ಆಸ್ಪತ್ರೆಯ ಸಮತಟ್ಟಾದ ನೆಲದಲ್ಲಿ ತೇರ್ಗಡೆಯಾದ ಅಜ್ಜಿ ನಮ್ಮೂರಲ್ಲಿ ದಾಟಬೇಕಾದದ್ದು ಎತ್ತರದ ಹೊಸ್ತಿಲನ್ನು, ಒಂದರಂತೆ ಇನ್ನೊಂದಿಲ್ಲದ ಮುರಕಲ್ಲಿನ ಮೆಟ್ಟಿಲುಗಳನ್ನು, ಆಷಾಢದ ಮಳೆಗೆ ಪಾಚಿಗಟ್ಟಿದ ಅಂಗಳವನ್ನು. ತೋಟಕ್ಕೆ ಹೋಗುವುದಾದರೆ ತೋಡಿನ ಮೇಲಿನ ಸಂಕ ಬೇರೆ. ನಸುಕಿನಲ್ಲಿ ಕರೆಂಟು ಹೋದಾಗ ಬಚ್ಚಲಿನವರೆಗೆ ಹೋಗುವುದೇ ಒಂದು ಯಾತ್ರೆ.

ಹಾಗಾದರೆ ಹಿರಿಯರು ‘ಅಡ್ಡಿಲ್ಲೆ’ ಎನ್ನುವುದೇಕೆ? ನಿಜ ಹೇಳಿದರೆ ಅಂಗಳ ಕೈತಪ್ಪುತ್ತದೆಂಬ ಭಯದಿಂದ. ಒಮ್ಮೆ ಜಾರಿದ್ದು ಗೊತ್ತಾದರೆ ಸಾಕು, “ಇನ್ನು ಹೊರಗೆ ಇಳಿಯಬೇಡಿ” ಎಂಬ ಆಜ್ಞೆ ಹೊರಡುತ್ತದೆ. ಇಲ್ಲವೇ ನಗರದ ಫ್ಲಾಟಿಗೆ ಸಾಗಿಸುವ ಏರ್ಪಾಡಾಗುತ್ತದೆ. ಕೂತಲ್ಲೇ ಕೂತ ಕಾಲು ಮತ್ತಷ್ಟು ಸೊರಗುತ್ತದೆ. ಪ್ರೀತಿಯಿಂದಲೇ ಮಾಡಿದ್ದಾದರೂ ಇದು ಅನ್ಯಾಯವೆಂದೇ ನಾನು ಹೇಳುವೆ. ನಡಿಗೆಯನ್ನು ಅಳೆಯುವುದು ನಡೆಸುವುದಕ್ಕಾಗಿ, ನಿಲ್ಲಿಸುವುದಕ್ಕಲ್ಲ. ಮೆಟ್ಟಿಲ ಪಕ್ಕ ಒಂದು ಕಬ್ಬಿಣದ ಕಂಬಿ ಹಾಕಿಸಿ, ಬಚ್ಚಲ ದಾರಿಗೆ ಬ್ಯಾಟರಿಯ ದೀಪ ಇಡಿಸಿ, ಪಾಚಿ ತಿಕ್ಕಿಸಿ. ಕಣ್ಣನ್ನೂ, ನಿದ್ರೆಯ ಮತ್ತು ರಕ್ತದೊತ್ತಡದ ಮಾತ್ರೆಗಳನ್ನೂ ವೈದ್ಯರಿಗೆ ಮತ್ತೊಮ್ಮೆ ತೋರಿಸಿ. ಕಾಲಿನ ಬಲಕ್ಕೆ ವ್ಯಾಯಾಮವನ್ನು ಬಲ್ಲವರಿಂದ ಕಲಿಸಿ.

ಚೌತಿಗೆ ಊರಿಗೆ ಬರುವವರು ಒಂದು ಬೆಳಿಗ್ಗೆ ಈ ಹತ್ತಡಿಯನ್ನು ಅಳೆದು, ಎಷ್ಟು ಸೆಕೆಂಡಾಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ದೀಪಾವಳಿಗೆ ಬಂದಾಗ ಹೋಲಿಸಲು ಬೇಕಾಗುತ್ತದೆ.